ಆರೋಸ್ಮಿತ್ತನ ಭೂಪಟವೂ ತಾಳಗುಂದದ ಸೀಮೆಯೂ

ಹಳೆಯ ಭೂಪಟಗಳನ್ನು ಆಧಾರವಾಗಿ ಉದಾಹರಿಸುವ ವಾಡಿಕೆ ನಮ್ಮ ಸಂಶೋಧಕರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಶಾಸನದಲ್ಲಿ ಒಂದು ಊರಿನ ಹೆಸರು ದೊರೆತರೆ, ಅದು ಈಗಿನ ಯಾವ ಊರೆಂದು ಗೊತ್ತುಮಾಡುವುದಕ್ಕಾಗಿ ಇನ್ನೂರು ವರ್ಷಗಳ ಹಿಂದಿನ ಪಟವೊಂದನ್ನು ಬಿಚ್ಚಿ ನೋಡುವುದು ಸಹಜವೇ ಸರಿ. ಹೆಸರು ಕಂಡರೆ, ಆ ಕಾಲದ ಉಚ್ಚಾರಣೆಯೇ ಸಿಕ್ಕಿತೆಂದು ಸಂತೋಷಪಡುತ್ತೇವೆ. ಕಾಣದಿದ್ದರೆ, ಊರು ಆಗಲೇ ಹಾಳುಬಿದ್ದಿತ್ತೆಂದು ನಿರ್ಣಯಿಸುತ್ತೇವೆ. ಈ ಎರಡು ತೀರ್ಮಾನಗಳಲ್ಲಿಯೂ ದುಡುಕುಂಟು. ಪಟವನ್ನು ಮಾಡಿದವನು ಯಾರು, ಯಾವ ಸಾಮಗ್ರಿಯಿಂದ ಮಾಡಿದನು, ಯಾರಿಗೆ ಮಾರುವುದಕ್ಕಾಗಿ ಮಾಡಿದನು ಎಂಬುದನ್ನು ವಿಚಾರಿಸದೆ ಅದರ ಸಾಕ್ಷ್ಯವನ್ನು ಒಪ್ಪುವುದು, ಬರೆದವನಾರೆಂದು ತಿಳಿಯದ ತಾಮ್ರಶಾಸನವನ್ನು ಒಪ್ಪಿದಂತೆಯೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನೂ ಅದರ ಸುತ್ತಣ ಸೊರಬ, ಬನವಾಸಿ, ಬಳ್ಳಿಗಾವೆಗಳ ಸೀಮೆಯನ್ನೂ ಒರೆಗಲ್ಲಾಗಿಟ್ಟುಕೊಂಡು, ಲಂಡನ್ನಿನಲ್ಲಿ ೧೮೨೨ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಭೂಪಟಸಂಪುಟವನ್ನು ಇಲ್ಲಿ ಪರಿಶೀಲಿಸಿದೆ.

ಅದು ಏರನ್ ಆರೋಸ್ಮಿತ್ ಎಂಬವನ ದಕ್ಷಿಣ ಹಿಂದೂಸ್ಥಾನದ ಅಟ್ಲಾಸು. ಕನ್ಯಾಕುಮಾರಿಯಿಂದ ಕೃಷ್ಣಾನದಿಯವರೆಗಿನ ದೇಶವನ್ನು ನಾಲ್ಕು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ಹಾಳೆ ಹಾಳೆಯಾಗಿ ತೋರಿಸುವುದು ಇದರ ಉದ್ದೇಶ. ಈಸ್ಟ್ ಇಂಡಿಯಾ ಕಂಪೆನಿಯ ಭಂಡಾರದಲ್ಲಿದ್ದ ಮೂಲಪತ್ರಗಳಿಂದ, ಡೈರೆಕ್ಟರುಗಳ ಅನುಮತಿ ಪಡೆದು ರಚಿಸಿದುದೆಂದು ಮುಖಪತ್ರದಲ್ಲಿಯೇ ಹೇಳಿದೆ. ಈ ಮಾತಿನ ಪ್ರಾಮಾಣಿಕತೆಯನ್ನು ಮೆಚ್ಚಬೇಕು: ದೇಶವನ್ನು ತಾನು ಅಳೆದೆನೆಂದು ಆರೋಸ್ಮಿತ್ತನು ಎಲ್ಲಿಯೂ ಹೇಳಲಿಲ್ಲ. ಅವನು ಹಿಂದೂಸ್ಥಾನಕ್ಕೆ ಕಾಲಿಟ್ಟವನೇ ಅಲ್ಲ.

ಈತನು ೧೭೫೦ರಲ್ಲಿ ಇಂಗ್ಲೆಂಡಿನ ಡರ್‌ಹ್ಯಾಮ್ ಸೀಮೆಯ ವಿನ್‌ಸ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ದೊಡ್ಡ ವಿದ್ಯಾಭ್ಯಾಸವಿರಲಿಲ್ಲ. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಲಂಡನ್ನಿಗೆ ಬಂದು, ಜಾನ್ ಕ್ಯಾರಿ ಎಂಬ ಪಟವ್ಯಾಪಾರಿಗಾಗಿ ಲಂಡನ್ನಿನಿಂದ ಫಾಲ್ಮತ್ ಬಂದರಿನವರೆಗಿನ ರಸ್ತೆಯನ್ನು ಅಳೆದು ಕೊಟ್ಟನು. ೧೭೯೦ರಲ್ಲಿ ಮರ್ಕೇಟರನ ಕ್ರಮದಲ್ಲಿ ರಚಿಸಿದ ಭೂಮಂಡಲದ ದೊಡ್ಡ ಪಟವೊಂದನ್ನು ಸ್ವಂತವಾಗಿ ಪ್ರಕಟಿಸಿ ಹೆಸರು ಗಳಿಸಿದನು. ಅಲ್ಲಿಂದ ಮುಂದೆ ಭೂಪಟಗಳನ್ನು ಕೂಡಿಸುವುದು, ಕೆತ್ತಿಸುವುದು, ಅಚ್ಚುಹಾಕಿಸಿ ಮಾರುವುದು, ಇವೇ ಅವನ ಜೀವನೋಪಾಯವಾದುವು. ೧೮೦೪ರಲ್ಲಿ ಇಡೀ ಹಿಂದೂಸ್ಥಾನದ ಪಟವನ್ನು ಮಾರ್ಕ್ ವುಡ್ ಎಂಬವನಿಗೆ ಅಂಕಿತಮಾಡಿ ಹೊರಡಿಸಿದನು. ೧೮೧೬ರಲ್ಲಿ ಅದನ್ನು ತಿದ್ದಿ ಹೊಸದಾಗಿ ತಂದನು. ದೊರೆಯ ಜಲಪಟಕಾರನೆಂಬ ಬಿರುದು ದೊರೆತುದು ಕೊನೆಗಾಲದಲ್ಲಿ. ಬಿರುದಿನಿಂದ ಬಹುಮಾನವು ಹೆಚ್ಚಿದರೂ ಜೀವನವು ನಡೆಯಬೇಕಾದುದು ಗಿರಾಕಿಗಳಿಂದಲೇ. ನಮ್ಮ ಹಳೆಯ ಕವಿಗಳು ರಾಜನಿಗೆ ಕೃತಿಯನ್ನು ಅಂಕಿತಮಾಡುತ್ತಿದ್ದುದನ್ನು ಬಲ್ಲ ವಾಚಕರಿಗೆ ಇದರಲ್ಲಿ ಹೊಸತೇನೂ ತೋರದು.

ಇಂಥ ಪಟವ್ಯಾಪಾರಿಯ ಶಕ್ತಿಯೆಲ್ಲ ಇತರರ ಕೈಬರಹಗಳನ್ನು ಸಂಪಾದಿಸುವುದರಲ್ಲಿಯೂ, ಒಂದಕ್ಕೊಂದು ಹೊಂದದ ಅಳತೆಗಳನ್ನು ತೂಗಿ ನೋಡುವುದರಲ್ಲಿಯೂ ಅಡಗಿತ್ತು. ಅವನಿಗಿಂತ ಹಿಂದೆ ಫ್ರೆಂಚ್ ಪಂಡಿತ ದಾನ್‌ವಿಲ್ಲನು ೧೭೫೨ರಲ್ಲಿ ಪ್ಯಾರಿಸಿನಲ್ಲಿ ಕುಳಿತೇ ಹಿಂದೂಸ್ಥಾನದ ಪಟವನ್ನು ರಚಿಸಿದ್ದನು. ಬಂಗಾಳದಲ್ಲಿ ನಿಜವಾಗಿ ಮೋಜಣಿ ಮಾಡಿದ್ದ ಜೇಮ್ಸ್ ರೆನ್ನೆಲನಿಗೂ ನಮ್ಮ ಮಲೆನಾಡಿನ ವಿಷಯದಲ್ಲಿ ದಂಡಿನ ದಾರಿಗಳ ವರದಿಗಳೇ ಗತಿಯಾಗಿದ್ದುವು. ರೆನ್ನೆಲನ ೧೭೮೮ರ ಪಟದಲ್ಲಿ ಭೂಮಧ್ಯರೇಖೆಯ ಒಂದು ಡಿಗ್ರಿಗೆ ಒಂದೂವರೆ ಅಂಗುಲ. ಎಂದರೆ ಅಂಗುಲಕ್ಕೆ ಸುಮಾರು ೪೬ ಮೈಲಿ. ತಾಳಗುಂದಕ್ಕೂ ಬನವಾಸಿಗೂ ನೇರವಾಗಿ ಅಳೆದರೆ ಸುಮಾರು ೧೭ ಮೈಲಿ. ಆ ಪಟದಲ್ಲಿ ಈ ಅಂತರವು ಅರ್ಧ ಅಂಗುಲವೂ ಆಗದು. ಕದಂಬರ ನಾಡಿನ ಹೃದಯಭಾಗವನ್ನೆಲ್ಲ ಹೆಬ್ಬೆರಳಿನಿಂದ ಮುಚ್ಚಿಬಿಡಬಹುದು. ಆರೋಸ್ಮಿತ್ತನ ೧೮೨೨ರ ಪ್ರಮಾಣದಲ್ಲಿ ಅದೇ ಅಂತರವು ನಾಲ್ಕು ಅಂಗುಲಕ್ಕೂ ಮೀರುತ್ತದೆ. ಮೂವತ್ತನಾಲ್ಕು ವರ್ಷಗಳಲ್ಲಿ ಹೀಗೆ ಹತ್ತು ಮಡಿಗಿಂತ ಹೆಚ್ಚಾಗಿ ಹಿಗ್ಗಿದುದಕ್ಕೆ ಕಾರಣವು ಲಂಡನ್ನಿನ ಅಂಗಡಿಯಲ್ಲಿಲ್ಲ. ನಮ್ಮ ದೇಶದಲ್ಲಿಯೇ ಇದೆ.

ಶ್ರೀರಂಗಪಟ್ಟಣವು ೧೭೯೯ನೆಯ ಮೇ ೪ರಂದು ಬಿದ್ದಿತು. ಆ ಗಲಿಬಿಲಿಯಲ್ಲಿ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘನು ದಂಡು ಕೂಡಿಸಿಕೊಂಡು ಬಿದನೂರಿನ ಸೀಮೆಯನ್ನು ಆಕ್ರಮಿಸಿದನು. ಅದೇ ಆಗಸ್ಟಿನಲ್ಲಿ ಕಂಪೆನಿಯ ಸೈನ್ಯವು ಶಿಕಾರಿಪುರದ ಬಳಿ ಅವನನ್ನು ಸೋಲಿಸಿ, ಕೋಟೆಯನ್ನು ಹಿಡಿದು, ಉತ್ತರದ ಮರಾಠರ ನಾಡಿಗೆ ಅಟ್ಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅವನು ಕೋನಗಲ್ಲಿನ ಬಳಿ ಹತನಾದನು. ತಾಳಗುಂದದಿಂದ ಕೆಲವೇ ಹರದಾರಿಗಳ ದೂರದಲ್ಲಿ ನಡೆದ ಈ ಕಾಳಗವು, ಈ ಕಾಡುನಾಡಿನ ಹಾದಿ ಹೊಳೆಗಳನ್ನು ಚೆನ್ನಾಗಿ ಅರಿಯದೆ ರಾಜ್ಯಭಾರವು ಸಾಗದೆಂಬುದನ್ನು ಹೊಸ ಅಧಿಕಾರಿಗಳಿಗೆ ಮನಗಾಣಿಸಿದ ಪ್ರಸಂಗಗಳಲ್ಲೊಂದು. ಅದೇ ವರ್ಷ ಕಾಲಿನ್ ಮೆಕೆಂಝಿಯನ್ನು ಮೈಸೂರಿನ ಮೋಜಣಿಗೆ ನಿಯಮಿಸಿದರು. ಅವನೂ ಅವನ ಸಹಾಯಕರೂ ಹತ್ತಿರಹತ್ತಿರ ಹತ್ತು ವರ್ಷಗಳಲ್ಲಿ ಸುಮಾರು ೪೦,೦೦೦ ಚದರ ಮೈಲಿಗಳ ದೇಶವನ್ನು ಅಳೆದರು. ಇನ್ನೊಂದು ಕಡೆ ವಿಲಿಯಮ್ ಲ್ಯಾಂಬ್ಟನ್ ೧೮೦೦ರಲ್ಲಿ ಬೆಂಗಳೂರಿನ ಬಳಿ ಮೊದಲು ಆಧಾರರೇಖೆಯೊಂದನ್ನು ಅಳೆದು ನೋಡಿ, ೧೮೦೨ರಲ್ಲಿ ಮದರಾಸಿನಲ್ಲಿ ತ್ರಿಕೋಣಮಾಪನವನ್ನು ಕ್ರಮವಾಗಿ ಪ್ರಾರಂಭಿಸಿದನು. ಈ ಬಗೆಯ ಅಳತೆಗಳ ಕೈಬರಹದ ಪಟಗಳೇ ಕಂಪೆನಿಯ ಭಂಡಾರವನ್ನು ಸೇರಿ, ಅಲ್ಲಿಂದ ಆರೋಸ್ಮಿತ್ತನ ಮೇಜಿಗೆ ಬಂದುವು.

ಹಾಗಾದರೆ ಊರುಗಳ ಹೆಸರುಗಳನ್ನು ಹೇಳಿದವರು ಯಾರು? ಅಳೆಯುವವನು ಸರಪಳಿಯಿಂದಲೂ ಯಂತ್ರದಿಂದಲೂ ಒಂದು ಗುಡ್ಡದ ನೆಲೆಯನ್ನು ಕಂಡುಹಿಡಿಯಬಲ್ಲನು. ಅದರ ಹೆಸರನ್ನು ಮಾತ್ರ ಯಾರನ್ನಾದರೂ ಕೇಳಿಯೇ ತಿಳಿಯಬೇಕು. ಗೌಡ, ಶಾನುಭೋಗ, ದಾರಿ ತೋರಿಸುವ ತಳವಾರ ಇವರ ಬಾಯಿಂದ ಬಂದುದನ್ನು ದುಭಾಷಿಯು ಕೇಳಿ ಹೇಳಿದನು. ದೊರೆಯು ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡನು. ಮೆಕೆಂಝಿಗೆ ಕನ್ನಡವಾಗಲಿ ತೆಲುಗಾಗಲಿ ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೊರ್ರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಿ ಹೇಳಿದ ಮಲೆಯೂರಿನ ಜೈನಪಂಡಿತ ಧರ್ಮಯ್ಯ ಇವರಿಲ್ಲದಿದ್ದರೆ ಅವನ ಸಂಗ್ರಹವು ನಡೆಯುತ್ತಿರಲಿಲ್ಲವೆಂಬುದನ್ನು ಅವನೇ ಕೃತಜ್ಞತೆಯಿಂದ ಒಪ್ಪಿದ್ದಾನೆ. ಬೊರ್ರಯ್ಯನು ೧೮೦೩ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಲಂಡನ್ನಿನ ಮುಖಪತ್ರಕ್ಕೆ ಬರುವ ಹೊತ್ತಿಗೆ ಈ ಜನರೆಲ್ಲರೂ 'ಮೂಲಪತ್ರಗಳು' ಎಂಬ ಒಂದೇ ಮಾತಿನಲ್ಲಿ ಲೀನವಾಗಿಬಿಟ್ಟರು. ಇದು ನಮ್ಮ ದೇಶಕ್ಕೆ ಮಾತ್ರ ಸಂಭವಿಸಿದುದಲ್ಲ. ಉತ್ತರ ಅಮೆರಿಕದಲ್ಲಿ ಬ್ಲ್ಯಾಕ್‌ಫುಟ್ ಬುಡಕಟ್ಟಿನ ಆಕ್ ಕೋ ಮೋಕ್ ಕಿ ಎಂಬ ನಾಯಕನು ೧೮೦೧ರಲ್ಲಿ ಪೀಟರ್ ಫಿಡ್ಲರ್ ಎಂಬ ಹಡ್ಸನ್ ಬೇ ಕಂಪೆನಿಯ ನೌಕರನಿಗೆ ಮಿಸೂರಿ ನದಿಯ ಮೇಲ್ಭಾಗದ ಕವಲುಗಳ ಚಿತ್ರವನ್ನು ಬರೆದುಕೊಟ್ಟನು. ಅದು ಲಂಡನ್ನಿಗೆ ಹೋಗಿ, ಮರುವರ್ಷವೇ ಇದೇ ಆರೋಸ್ಮಿತ್ತನ ಉತ್ತರ ಅಮೆರಿಕದ ಪಟದೊಳಗೆ ಸೇರಿತು. ಫಿಡ್ಲರನು ಆ ಚಿತ್ರದ ಪ್ರತಿಯನ್ನು ಉಳಿಸಿದ್ದರಿಂದ ನಾಯಕನ ಹೆಸರು ನಮಗೆ ತಿಳಿದಿದೆ. ಶಿಕಾರಿಪುರದ ಸೀಮೆಯಲ್ಲಿ ಹೆಸರು ಹೇಳಿದ ಶಾನುಭೋಗರಿಗೆ ಆ ಭಾಗ್ಯವಿರಲಿಲ್ಲ.

ಇನ್ನು ತಾಮ್ರದ ಹಲಗೆಯ ವಿಚಾರ. ಕೆತ್ತುವವನು ನಯವಾದ ತಾಮ್ರದ ಮೇಲೆ ಉಳಿಯಿಂದ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಗೀರುತ್ತಾನೆ. ಗೀರಿನಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರಸಿ, ತೇವದ ಕಾಗದವನ್ನಿಟ್ಟು ಒತ್ತಿದಾಗ ಅಕ್ಷರಗಳು ನೇರವಾಗುತ್ತವೆ. ತಪ್ಪು ಕಂಡರೆ, ಹಲಗೆಯ ಬೆನ್ನನ್ನು ಬಡಿದು ಆ ಭಾಗವನ್ನು ಮಟ್ಟಮಾಡಿ ಮತ್ತೆ ಕೆತ್ತಬೇಕು. ಇದು ದುಡ್ಡಿನ ಕೆಲಸ. ಆದಕಾರಣ ವ್ಯಾಪಾರಿಯು ಅನಿವಾರ್ಯವಾದುದನ್ನು ಮಾತ್ರ ತಿದ್ದಿಸುತ್ತಾನೆ, ತಿದ್ದಿದ ಮೇಲೂ ಅನೇಕ ವೇಳೆ ಹಳೆಯ ತೇದಿಯನ್ನು ಹಾಗೆಯೇ ಬಿಡುತ್ತಾನೆ. ಪಟದಲ್ಲಿ ಕೆತ್ತಿದ ವರ್ಷವು ಪ್ರಕಟಣೆಯ ವರ್ಷವೇ ಹೊರತು, ಅದರಲ್ಲಿನ ಪ್ರತಿಯೊಂದು ಹೆಸರನ್ನು ಕೇಳಿ ಬರೆದ ವರ್ಷವಲ್ಲ. ೧೮೨೨ರ ಹಾಳೆಯಲ್ಲಿರುವ ಮೈಸೂರು ನಾಡು ಬಹುಪಾಲು ಮೆಕೆಂಝಿಯ ಕಾಲದ್ದು. ಅಚ್ಚಾಗುವ ವೇಳೆಗೆ ಅದಕ್ಕೆ ಹತ್ತು ಹನ್ನೆರಡು ವರ್ಷಗಳ ವಯಸ್ಸಾಗಿತ್ತು.

ಪ್ರಮಾಣವು ಹಿಗ್ಗಿದರೂ ಇಕ್ಕಟ್ಟು ತಪ್ಪಲಿಲ್ಲ. ತಾಳಗುಂದಕ್ಕೂ ಬಳ್ಳಿಗಾವೆಗೂ ಇರುವ ಅಂತರವು ಎರಡು ಮೈಲಿಗಿಂತ ಸ್ವಲ್ಪವೇ ಹೆಚ್ಚು. ಆರೋಸ್ಮಿತ್ತನ ಪ್ರಮಾಣದಲ್ಲಿ ಅದು ಅರ್ಧ ಅಂಗುಲದ ಮೇಲೆ ಒಂದಿಷ್ಟು. ಎಂಟು ಹತ್ತು ರೋಮನ್ ಅಕ್ಷರಗಳ ಹೆಸರೊಂದನ್ನು ಕಣ್ಣಿಗೆ ಕಾಣುವಂತೆ ಬರೆಯುವುದಕ್ಕೆ ಅಷ್ಟೇ ಎಡೆ ಬೇಕು. ಕೆರೆಗೊಂದು ಊರು, ಊರಿಗೆರಡು ಕೆರೆ ಎಂಬಂತಿರುವ ಈ ಸೀಮೆಯಲ್ಲಿ ಕೆತ್ತುವವನು ಕೆಲವನ್ನು ಆರಿಸಿ ಕೆಲವನ್ನು ಬಿಡಲೇಬೇಕಾಗಿತ್ತು. ಆರಿಸುವಾಗ ಅವನ ಗಿರಾಕಿಗೆ, ಎಂದರೆ ದಂಡಿನ ಅಧಿಕಾರಿಗೂ ಕಂದಾಯದ ಅಧಿಕಾರಿಗೂ, ಬೇಕಾದುದು ಕೋಟೆ, ಕಸಬೆ, ಕಾವಲಿನ ಠಾಣ್ಯ, ಹೊಳೆ ದಾಟುವ ಸ್ಥಳ. ಕದಂಬರ ಆದಿಪುರುಷನ ಊರು ಯಾವುದೆಂಬುದು ಅವರಿಗೆ ಬೇಕಾಗಿರಲಿಲ್ಲ. ಆಗ ಯಾರಿಗೂ ತಿಳಿದೂ ಇರಲಿಲ್ಲ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು ಬಿ. ಎಲ್. ರೈಸ್ ಕಂಡುಹಿಡಿದುದು ೧೮೯೪ರಲ್ಲಿ, ಆರೋಸ್ಮಿತ್ತನು ಸತ್ತು ಎಪ್ಪತ್ತು ವರ್ಷಗಳಾದ ಮೇಲೆ. ಆದುದರಿಂದ ೧೮೨೨ರ ಹಾಳೆಯನ್ನು ತೆರೆದು ಊರಿನ ಹೆಸರನ್ನು ಹುಡುಕುವವನು, ಅದು ಕಂಡರೆ ಹಿಗ್ಗುವುದಕ್ಕೂ ಕಾಣದಿದ್ದರೆ ಕುಗ್ಗುವುದಕ್ಕೂ ಕಾರಣವಿಲ್ಲ. ಅಲ್ಲಿ ಹೆಸರು ಬಿಟ್ಟುಹೋಗುವುದು ಎಡೆಯ ಅಭಾವದ ಸಾಕ್ಷಿಯೇ ಹೊರತು ಊರಿನ ಅಭಾವದ ಸಾಕ್ಷಿಯಲ್ಲ.

ಹೆಸರು ಕಂಡಾಗ ಒದಗುವ ತೊಡಕು ಇದಕ್ಕಿಂತ ದೊಡ್ಡದು. ಸಾಹಿತ್ಯವನ್ನು ಪಾಠಹೇಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ರೋಮನ್ ಲಿಪಿಯಲ್ಲಿ ಆ ಕಾಲದವರು ಬರೆಯುತ್ತಿದ್ದ ರೀತಿಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ, ನಕಾರ ಣಕಾರಗಳಿಗೆ ಭೇದವಿಲ್ಲ, ದಕಾರ ಡಕಾರಗಳಿಗೂ ಇಲ್ಲ. ದೀರ್ಘವನ್ನು ತೋರಿಸುವುದಂತೂ ಅಪೂರ್ವ. ಬಿದನೂರು ಬೆಡ್ನೋರ್ ಆದುದೂ, ಚಿತ್ರದುರ್ಗವು ಚಿಟಲ್‌ಡ್ರೂಗ್ ಆದುದೂ, ಹೊನ್ನಾವರವು ಓನೋರ್ ಆದುದೂ ಈ ಕಿವಿಯ ಪ್ರಭಾವದಿಂದ. ಅವು ದೊಡ್ಡ ಊರುಗಳಾದುದರಿಂದ ಗುರುತು ತಪ್ಪುವುದಿಲ್ಲ. ಚಿಕ್ಕ ಊರಿನ ಗತಿ ಬೇರೆ. ತಾಳಗುಂದವೆಂಬ ನಾಲ್ಕಕ್ಷರವನ್ನು ಹೀಗೆ ಬರೆದು ಮತ್ತೆ ಕನ್ನಡಕ್ಕೆ ತಿರುಗಿಸಿದರೆ ತಲಗುಂಡ, ತಾಲಗುಂದ, ಟಲಗುಂಡ ಇವುಗಳಲ್ಲಿ ಯಾವುದು ಬೇಕಾದರೂ ಆಗಬಹುದು. ಅದನ್ನೇ ನಂಬಿ ವ್ಯುತ್ಪತ್ತಿ ಹೇಳಹೊರಟವನಿಗೆ ಒಂದು ಕಡೆ ತಲೆಯೂ ಒಂದು ಕಡೆ ಗುಂಡುಕಲ್ಲೂ ಅಡ್ಡಬರುತ್ತವೆ.

ಶಾಸನಗಳು ಹೇಳುವುದೇ ಬೇರೆ. ಅವುಗಳಲ್ಲಿ ಈ ಊರು ಸ್ಥಾನಕುಂದೂರು, ಸ್ಥಾಣಗುಂದೂರು ಎಂಬ ರೂಪಗಳಲ್ಲಿ ಪ್ರಸಿದ್ಧವಾದ ಅಗ್ರಹಾರ. ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂಬ ಐತಿಹ್ಯವನ್ನೂ ಈ ಊರಿನ ಶಾಸನವೇ ಹೇಳುತ್ತದೆ. ಸ್ಥಾನವೆಂಬ ಸಂಸ್ಕೃತ ಶಬ್ದವು ಕನ್ನಡದಲ್ಲಿ ತಾಣವಾಗುವುದು ತದ್ಭವಪ್ರಕರಣವನ್ನು ಓದಿದ ಬಾಲಕನಿಗೂ ತಿಳಿದ ವಿಷಯ. ತಾಣಗುಂದೂರಿನ ಣಕಾರವು ಳಕಾರವಾಗಿ, ಕೊನೆಯ 'ಊರು' ಸವೆದು ಹೋದರೆ ತಾಳಗುಂದವು ಸಿದ್ಧಿಸುತ್ತದೆ. ಮೂರ್ಧನ್ಯವು ಮೂರ್ಧನ್ಯವಾಗಿಯೇ ಉಳಿದು ಬದಲಾಯಿಸಿದೆ ಎಂಬುದೇ ಇಲ್ಲಿಯ ಕೀಲು. ಲಂಡನ್ನಿನ ಪಟದಲ್ಲಿ ಅಳಿಸಿಹೋಗುವುದು ಈ ಒಂದು ಅಕ್ಷರವೇ; ಹಳೆಯ ಹೆಸರಿಗೂ ಹೊಸ ಹೆಸರಿಗೂ ಇದ್ದ ಸೇತುವೆಯೂ ಅದೊಂದೇ. ಊರಿನ ಶಾನುಭೋಗನು ಕಡತದಲ್ಲಿ ಬರೆದ ಳಕಾರಕ್ಕೆ ಆ ಇಡೀ ಹಾಳೆಗಿಂತ ಬೆಲೆ ಹೆಚ್ಚು ಎಂದು ನಾನು ಹೇಳುವುದು ಅತಿಶಯೋಕ್ತಿಯಲ್ಲ.

ಬನವಾಸಿಯ ವಿಷಯದಲ್ಲಿ ತೊಡಕು ಮತ್ತೊಂದು ಬಗೆಯದು. ಈ ಹೆಸರು ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ಪಂಡಿತ ಟಾಲೆಮಿಯ ಗ್ರಂಥದಲ್ಲಿಯೇ ದೊರೆಯುವುದರಿಂದ ಯೂರೋಪಿನ ಪಟಕಾರರಿಗೆ ಬಹಳ ಹಿಂದಿನಿಂದ ಪರಿಚಿತವಾದುದು. ಆದರೆ ನಮ್ಮವರಿಗೆ ಬನವಾಸಿ ಎಂಬುದು ಬರಿಯ ಊರಲ್ಲ, ನಾಡು. ಶಾಸನಗಳಲ್ಲಿ ಬನವಾಸಿ ಪನ್ನಿರ್ಛಾಸಿರ, ಅದರೊಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಎಂದು ಸಂಖ್ಯೆಗಳಿಂದ ಗುರುತಿಸಿದ ಒಳನಾಡುಗಳು. ಚಾಲುಕ್ಯರ ಕಾಲದಲ್ಲಿ ಈ ಹನ್ನೆರಡು ಸಾವಿರಕ್ಕೆ ರಾಜಧಾನಿಯಾಗಿದ್ದುದು ಬಳ್ಳಿಗಾವೆ. ಆ ಸಂಖ್ಯೆಗಳು ಹಳ್ಳಿಗಳವೋ ಹುಟ್ಟುವಳಿಯವೋ ಎಂಬ ಚರ್ಚೆಗೆ ಇದು ಸ್ಥಳವಲ್ಲ. ಅಕ್ಷಾಂಶ ರೇಖಾಂಶಗಳ ಬಲೆಯಲ್ಲಿ ಇಂಥ ನಾಡನ್ನು ಹಿಡಿಯುವುದಕ್ಕಾಗುವುದಿಲ್ಲ. ಪಟದಲ್ಲಿ ಅದಕ್ಕೆ ಒಂದು ಚುಕ್ಕೆ ಮಾತ್ರ ದೊರೆಯುತ್ತದೆ. ಸಾಲದುದಕ್ಕೆ ೧೮೨೨ರ ವೇಳೆಗೆ ಆ ನಾಡು ಮೂರು ಪಾಲಾಗಿತ್ತು: ತಾಳಗುಂದ, ಬಳ್ಳಿಗಾವೆ, ಸೊರಬಗಳು ಮೈಸೂರು ಸಂಸ್ಥಾನದಲ್ಲಿಯೂ, ಬನವಾಸಿಯು ಮದರಾಸಿನ ಅಧೀನವಾಗಿದ್ದ ಕನ್ನಡ ಜಿಲ್ಲೆಯಲ್ಲಿಯೂ, ಹಾನಗಲ್ಲು ಪೇಶ್ವೆಯ ಪತನಾನಂತರ ಕಂಪೆನಿಗೆ ಸೇರಿದ ಧಾರವಾಡದ ಕಡೆಯಲ್ಲಿಯೂ ಇದ್ದುವು. ಅಂದಿನ ಪಟಗಳಲ್ಲಿ ಇಂಥ ಎಲ್ಲೆಗಳ ಅಂಚಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಪಂಪನ ಬನವಾಸಿ ದೇಶವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ಇಂಥ ಪಟವನ್ನು ಗೋಡೆಗೆ ತೂಗಹಾಕುವ ಉಪಾಧ್ಯಾಯನು, ಕವಿಯು ಕಾಣದಿದ್ದ ಮೂರು ಬಣ್ಣಗಳನ್ನು ಮೊದಲು ತೋರಿಸಿದಂತಾಗುತ್ತದೆ. ಬನವಾಸಿಯ ಜಿಲ್ಲೆಯು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿಗೆ ಹೋಯಿತು. ಈ ಮೂರು ಪಾಲುಗಳೂ ಮತ್ತೆ ಒಂದೇ ರಾಜ್ಯದಲ್ಲಿ ಕೂಡಿದುದು ೧೯೫೬ನೆಯ ನವೆಂಬರ್ ೧ರಂದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆರೋಸ್ಮಿತ್ತನ ಸಂಪುಟವು ನಮಗೆ ನಿರುಪಯುಕ್ತವೆಂದು ತಿಳಿಯಬಾರದು. ಹೊಳೆಯ ತಿರುವು, ಕಾಡಿನ ಅಂಚು, ಹಾದಿಯ ನಡೆ, ಊರಿಂದೂರಿಗೆ ಇರುವ ದಿಕ್ಕು ದೂರಗಳು, ಇವುಗಳಲ್ಲಿ ಅದು ತನ್ನ ಕಾಲದ ಯಾವ ಅಚ್ಚಿನ ಪಟಕ್ಕೂ ಕಡಮೆಯಾದುದಲ್ಲ. ತ್ರಿಕೋಣಮಾಪನಕ್ಕೆ ಕನ್ನಡ ಬಾರದಿದ್ದರೂ ಬಾಧಕವಿಲ್ಲ; ಕೋನವು ಯಾವ ಭಾಷೆಯಲ್ಲಿಯೂ ಕೋನವೇ. ಶಿಕಾರಿಪುರದಂಥ ಹೆಸರುಗಳ ವಿಷಯದಲ್ಲಿಯೂ ಅದು ಸಹಾಯಕವಾದೀತು. ಈ ಊರಿಗೆ ಹಿಂದೆ ಮಳಿಯನಹಳ್ಳಿಯೆಂದೂ, ಕೆಳದಿಯ ನಾಯಕರ ಕಾಲದಲ್ಲಿ ಮಹಾದಾನಪುರವೆಂದೂ ಹೆಸರಿದ್ದು, ಹೈದರ್ ಟೀಪೂಗಳ ಕಾಲದ ಬೇಟೆಯಿಂದ ಈಗಿನ ಹೆಸರು ಬಂದಿತೆಂದು ಹೇಳುತ್ತಾರೆ. ಇಂಥ ಹೊಸ ಹೆಸರು ಯಾವಾಗ ನೆಲೆಗೊಂಡಿತೆಂಬುದಕ್ಕೆ ತೇದಿಯುಳ್ಳ ಪಟಗಳ ಸರಣಿಯು ಒಂದು ಮಿತಿಯನ್ನು ಕೊಡಬಲ್ಲದು. ಒಟ್ಟಿನಲ್ಲಿ ನೆಲೆಗೆ ಪಟವನ್ನು ಕೇಳಬೇಕು, ಹೆಸರಿಗೆ ಊರಿನ ಬರಹವನ್ನು ಕೇಳಬೇಕು. ಊರಿನ ಬರಹವು ಕೈಗೆಟುಕದ ವಸ್ತುವೂ ಅಲ್ಲ. ಮೆಕೆಂಝಿಯ ಜನರು ಅಳತೆಯ ಜೊತೆಯಲ್ಲಿಯೇ ಕೂಡಿಸಿದ ಕನ್ನಡ ಕೈಫಿಯತ್ತುಗಳು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಉಳಿದುಬಂದುವು, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದಿದೆ. ಒಂದೇ ಪಯಣದಲ್ಲಿ ಹುಟ್ಟಿದ ಈ ಎರಡು ಸಂತಾನಗಳಲ್ಲಿ ಒಂದು ಲಂಡನ್ನಿಗೆ ಹೋಗಿ ತಾಮ್ರದ ಮೇಲೆ ನಿಂತಿತು, ಮತ್ತೊಂದು ಮದರಾಸಿನಲ್ಲಿ ಓಲೆ ಕಾಗದಗಳಲ್ಲಿ ಉಳಿಯಿತು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ತಾಲ್ಲೂಕು ತಾಲ್ಲೂಕಾಗಿ ಓದುವ ಕೆಲಸವು ಆಗಬೇಕಾದುದಿದೆ. ಶಿಕಾರಿಪುರ ಸೊರಬಗಳಿಂದ ಪ್ರಾರಂಭಿಸುವುದಾದರೆ ರೈಸರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಎಂಟನೆಯ ಸಂಪುಟಗಳು ಮೂರನೆಯ ಸಾಕ್ಷಿಯಾಗಿ ಸಿದ್ಧವಾಗಿವೆ. ೨೦೧೩ರಲ್ಲಿ ತಾಳಗುಂದದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಶಾಸನವನ್ನು ಪುರಾತತ್ತ್ವ ಇಲಾಖೆಯವರು ಕ್ರಿ. ಶ. ೩೭೦ರ ಸುಮಾರಿನದೆಂದು ಹೇಳಿದ್ದರಿಂದ, ಈ ಊರಿನ ನೆಲದಲ್ಲಿ ಹುಡುಕುವುದು ಇನ್ನೂ ಮುಗಿದಿಲ್ಲವೆಂಬುದೂ ಸ್ಪಷ್ಟ.

ಕೊನೆಗೆ ಪಟದ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೆಕೆಂಝಿಯು ೧೮೨೧ನೆಯ ಮೇ ತಿಂಗಳಲ್ಲಿ ತೀರಿಕೊಂಡಿದ್ದರಿಂದ ತನ್ನ ಅಳತೆಗಳ ಈ ಅಚ್ಚಿನ ರೂಪವನ್ನು ನೋಡಲಿಲ್ಲ. ೧೮೨೩ನೆಯ ಜನವರಿಯಲ್ಲಿ ಲ್ಯಾಂಬ್ಟನನೂ, ಏಪ್ರಿಲಿನಲ್ಲಿ ಆರೋಸ್ಮಿತ್ತನೂ ಸತ್ತರು. ಅಷ್ಟು ಹೊತ್ತಿಗೆ ಕಂಪೆನಿಯವರು ತಮ್ಮದೇ ಆದ ಹಿಂದೂಸ್ಥಾನದ ಅಟ್ಲಾಸನ್ನು ಅದೇ ನಾಲ್ಕು ಮೈಲಿಯ ಪ್ರಮಾಣದಲ್ಲಿ ಹೊರಡಿಸಲು ಯೋಚಿಸುತ್ತಿದ್ದರು; ಜಾನ್ ವಾಕರನು ಕೆತ್ತಿದ ಅದರ ಹಾಳೆಗಳು ೧೮೨೭ರಿಂದ ಬರತೊಡಗಿದುವು. ಅಲ್ಲಿಂದ ಮುಂದೆ ದಕ್ಷಿಣ ದೇಶದ ದೊಡ್ಡ ಪಟವನ್ನು ಸ್ವಂತ ಬಂಡವಾಳದಿಂದ ಮಾಡಿ ಮಾರುವ ವ್ಯಾಪಾರಿಗೆ ಎಡೆ ಕಿರಿದಾಯಿತು. ಆರೋಸ್ಮಿತ್ತನ ಅಂಗಡಿಯನ್ನು ಮಕ್ಕಳು ನಡೆಸಿದರು. ಅಣ್ಣತಮ್ಮಂದಿರ ಮಗನಾದ ಜಾನ್ ಆರೋಸ್ಮಿತ್ತನು ೧೮೩೪ರಲ್ಲಿ ಲಂಡನ್ ಅಟ್ಲಾಸೆಂಬ ಹೆಸರಾದ ಸಂಪುಟವನ್ನು ತಂದನು. ಅವನು ೧೮೭೩ರಲ್ಲಿ ಸತ್ತ ಮೇಲೆ ಅವನ ತಾಮ್ರದ ಹಲಗೆಗಳನ್ನು ಎಡ್ವರ್ಡ್ ಸ್ಟ್ಯಾನ್‌ಫರ್ಡ್ ಎಂಬ ಮತ್ತೊಬ್ಬ ಪಟವ್ಯಾಪಾರಿಯು ಕೊಂಡುಕೊಂಡನು.